ಮೌಂಟ್ ಯಾವುದು ತಗೊಳ್ಳಲಿ? ಕಲಬುರಗಿಯ ಮಾಳಿಗೆಗೂ ಎರಿ ಹೊಲಕ್ಕೂ ಒಗ್ಗುವ ದೂರದರ್ಶಕದ ಕಾಲು

ದೀಪಾವಳಿ ಹತ್ತಿರ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಪ್ರಶ್ನೆ ಬರಲು ಶುರುವಾಗುತ್ತದೆ. ಮಳೆ ಮುಗಿದಿರುತ್ತದೆ, ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ, ಕೆಲವರ ಕೈಯಲ್ಲಿ ಬೋನಸ್ಸೂ ಇರುತ್ತದೆ. "ಸರ್, ಆರು ಇಂಚಿಂದು ತಗೊಳ್ಳಲೋ, ಎಂಟು ಇಂಚಿಂದೋ?" ಎಂದು ಕೇಳುತ್ತಾರೆ. ದೂರದರ್ಶಕದ ಕನ್ನಡಿಯ ಅಗಲದ ಲೆಕ್ಕ ಅದು. ನಾನು ತಿರುಗಿ ಕೇಳುವುದು ಬೇರೆ. ಮನೆ ಎಷ್ಟನೇ ಮಹಡಿ? ಗಾಡಿ ಯಾವುದು? ಬೆನ್ನುನೋವು ಇದೆಯಾ? ಕೇಳಿದವರಿಗೆ ಸ್ವಲ್ಪ ಕಸಿವಿಸಿಯಾಗುತ್ತದೆ. ಇವನೇನು ಡಾಕ್ಟರಾ ಅಂತ ಅನ್ನಿಸುತ್ತದೋ ಏನೋ.

ಕಾರಣ ಇದೆ. ಎಲ್ಲರೂ ಕೊಳವೆ ನೋಡಿ ದೂರದರ್ಶಕ ಕೊಳ್ಳುತ್ತಾರೆ, ಆಮೇಲೆ ಕಾಲು ನೋಡಿ ಮೂಲೆಗಿಡುತ್ತಾರೆ. ಕೊಳವೆಯನ್ನು ಹೊತ್ತು ನಿಲ್ಲುವ ಆ ಕಾಲು, ತಲೆ, ಗೇರು ಎಲ್ಲ ಸೇರಿದ್ದಕ್ಕೆ ಮೌಂಟ್ ಅಂತೀವಿ. ಹೊರಲು ಕಷ್ಟ, ಹೂಡಲು ಕಷ್ಟ, ಅಲುಗಾಡಿದರೆ ನೋಡಲು ಕಷ್ಟ. ಬಟ್ಟೆ ಹೊದ್ದು ಮಂಚದ ಕೆಳಗೆ ಮಲಗಿರುವ ಒಳ್ಳೊಳ್ಳೆ ಕೊಳವೆಗಳನ್ನು ನಾನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ.

ಈ ಸಲ ಮೂವರು ಕೇಳಿದರು. ಒಬ್ಬರು ಯಾದಗಿರಿ ಕಡೆಯ ಹೈಸ್ಕೂಲ್ ಮೇಷ್ಟ್ರು. ಬೈಕ್ ಮೇಲೆ ಊರೂರಿಗೆ ಒಯ್ದು ಮಕ್ಕಳಿಗೆ ತೋರಿಸಬೇಕು. ಇನ್ನೊಬ್ಬಳು ಬೀದರಿನ ಇಂಜಿನಿಯರಿಂಗ್ ಹುಡುಗಿ. ಕ್ಯಾಮೆರಾ ಇದೆ, ಆಕಾಶಗಂಗೆಯ ಫೋಟೋ ಬೇಕು. ಮೂರನೆಯವರು ಕಲಬುರಗಿಯವರೇ, ರಿಟೈರಾದ ಗಂಡ ಹೆಂಡತಿ. ದುಡ್ಡಿಗೆ ತೊಂದರೆ ಇಲ್ಲ, ಮೊಣಕಾಲಿಗೆ ಇದೆ. ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರಿಗೆ ಮೋಸ ಮಾಡಿದ ಹಾಗೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಯಾವುದರಿಂದ ಅಳೆಯಬೇಕು

ಒಟ್ಟು ತೂಕ ನೋಡಬೇಡಿ, ಒಂದು ಸಲಕ್ಕೆ ಎತ್ತಬೇಕಾದ ತೂಕ ನೋಡಿ. ಮೂವತ್ತು ಕಿಲೋ ಸಾಮಾನು ಎಂಟೆಂಟು ಕಿಲೋದ ತುಂಡುಗಳಾಗಿ ಬಂದರೆ ಪರವಾಗಿಲ್ಲ, ಆದರೆ ಮೆಟ್ಟಿಲು ನಾಲ್ಕು ಸಲ ಹತ್ತಬೇಕು. ಇಪ್ಪತ್ತು ಕಿಲೋ ಒಂದೇ ಗಂಟಾಗಿ ಬಂದರೆ ಒಂದೇ ಸಲಕ್ಕೆ ಮುಗಿಯುತ್ತದೆ, ಸೊಂಟವೂ ಹಿಡಿಯುತ್ತದೆ. ಎರಡರಲ್ಲಿ ನಿಮಗೆ ಯಾವುದು ಒಗ್ಗುತ್ತದೆ ಅಂತ ನೀವೇ ಹೇಳಬೇಕು.

ಎರಡನೆಯದು, ಮನೆ ಬಾಗಿಲಿನಿಂದ ಮೊದಲ ನಕ್ಷತ್ರದವರೆಗೆ ಎಷ್ಟು ನಿಮಿಷ. ಕೆಲಸ ಮುಗಿಸಿ ಒಂಬತ್ತಕ್ಕೆ ಮನೆಗೆ ಬರುವವರಿಗೆ ನಲವತ್ತು ನಿಮಿಷ ಹೂಡುವ ಮೌಂಟ್ ಬೇಡ. ಅದು ಶನಿವಾರಕ್ಕೆ ಮಾತ್ರ ಆಗುತ್ತದೆ, ಶನಿವಾರ ಮೋಡ ಇರುತ್ತದೆ.

ಮೂರನೆಯದು ಅಲುಗಾಟ. ಅಂಗಡಿಯಲ್ಲೋ ಗೆಳೆಯರ ಮನೆಯಲ್ಲೋ ಸಿಕ್ಕರೆ, ಐಪೀಸಿನಲ್ಲಿ (ಕಣ್ಣಿಟ್ಟು ನೋಡುವ ಸಣ್ಣ ಲೆನ್ಸು) ಒಂದು ದೂರದ ದೀಪ ಹಿಡಿದು ಕೊಳವೆಯ ಮೇಲೆ ಬೆರಳಿಂದ ಮೆಲ್ಲಗೆ ತಟ್ಟಿ. ಚಿತ್ರ ಎರಡು ಸೆಕೆಂಡಿನೊಳಗೆ ನಿಂತರೆ ಚೆನ್ನ. ಐದಾರು ಸೆಕೆಂಡು ಕುಣಿದರೆ, ಫೋಕಸ್ ಮುಟ್ಟಿದಾಗಲೆಲ್ಲ ಶನಿ ಹೀಗೇ ಕುಣಿಯುತ್ತದೆ.

ನಾಲ್ಕನೆಯದು ಬರೀ ಕಣ್ಣಿಗೋ, ಕ್ಯಾಮೆರಾಕ್ಕೋ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಅರ್ಧ ಡಿಗ್ರಿ ಕಾಣುವ ಐಪೀಸಿನಲ್ಲಿ ಇಟ್ಟ ಗ್ರಹ ಎರಡು ನಿಮಿಷಕ್ಕೆ ಈ ಅಂಚಿನಿಂದ ಆ ಅಂಚಿಗೆ ಹೋಗಿರುತ್ತದೆ. ಕಣ್ಣಿಗಾದರೆ ಕೈಯಲ್ಲಿ ತಳ್ಳಿಕೊಂಡು ನೋಡಬಹುದು. ಎರಡು ನಿಮಿಷ ತೆರೆದಿಡುವ ಫೋಟೋಕ್ಕೆ ಮೋಟಾರು ಬೇಕೇ ಬೇಕು.

ಐದನೆಯದನ್ನು ಯೂರೋಪು ಅಮೆರಿಕದವರು ಬರೆದ ಸಲಹೆಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ನಾವು ಇರುವುದು 17 ಡಿಗ್ರಿ ಅಕ್ಷಾಂಶದಲ್ಲಿ. ಕಲಬುರಗಿ 17.3, ಬೀದರ್ 17.9, ಯಾದಗಿರಿ 16.8. ಧ್ರುವ ನಕ್ಷತ್ರ ನಮಗೆ ಉತ್ತರದಲ್ಲಿ ಅಷ್ಟೇ ಎತ್ತರದಲ್ಲಿ ಕಾಣುತ್ತದೆ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿಗೆ ಸುಮಾರು 10 ಡಿಗ್ರಿ, ಅಂದರೆ ದಿಗಂತದಿಂದ ಎರಡು ಮುಷ್ಟಿಗೂ ಕಡಿಮೆ. ಮೂವತ್ತು ಅಡಿ ದೂರದ ಮನೆಯ ನೀರಿನ ಟ್ಯಾಂಕು ನಿಮ್ಮ ಕಣ್ಣಿಗಿಂತ ಹತ್ತು ಅಡಿ ಮೇಲಿದ್ದರೆ ಸಾಕು, ಧ್ರುವ ಮಾಯ. ಇದರ ಗೋಳು ಮುಂದೆ ಹೇಳುತ್ತೇನೆ.

ಕಡೆಯದು, ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ. ನಮ್ಮಲ್ಲಿ ಬಡಿಗರಿದ್ದಾರೆ, ಲೇಥ್ ಅಂಗಡಿಗಳಿವೆ, ವೆಲ್ಡಿಂಗ್‌ನವರಿದ್ದಾರೆ. ಸರ್ಕ್ಯೂಟ್ ಬೋರ್ಡ್ ಹೋದರೆ ಮಾತ್ರ ಪೆಟ್ಟಿಗೆ ಕಟ್ಟಿ ಬೇರೆ ಊರಿಗೆ ಕಳಿಸಬೇಕು. ಒಮ್ಮೆ ಹಾಗೆ ಕಳಿಸಿದ್ದು ನನಗೆ ವಾಪಸ್ ಬರುವಷ್ಟರಲ್ಲಿ ಚಳಿಗಾಲ ಪೂರ್ತಿ ಮುಗಿದಿತ್ತು.

ಡಾಬ್ಸೋನಿಯನ್: ಬಡಿಗನೂ ಮಾಡಬಲ್ಲ ಮೌಂಟ್

ಜಾನ್ ಡಾಬ್ಸನ್ ಎಂಬಾತ ಸ್ಯಾನ್ ಫ್ರಾನ್ಸಿಸ್ಕೋದ ಫುಟ್‌ಪಾತ್ ಮೇಲೆ ಹೋಗುವವರನ್ನೆಲ್ಲ ಕರೆದು ಆಕಾಶ ತೋರಿಸುತ್ತಿದ್ದ. ಅವನ ಕೈಯಲ್ಲಿ ಹೆಸರಾದ ಮೌಂಟ್ ಇದು, ಚಿಕ್ಕದಾಗಿ ಡಾಬ್ ಅಂತೀವಿ. ಒಂದು ಮರದ ಡಬ್ಬ, ಕೆಳಗೆ ತಿರುಗುವ ಹಲಗೆ, ನಡುವೆ ಟೆಫ್ಲಾನ್ ತುಂಡುಗಳು. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಕೈಯಲ್ಲಿ ತಳ್ಳುವುದು, ಅಷ್ಟೇ. ಧ್ರುವ ಬೇಡ, ಬ್ಯಾಟರಿ ಬೇಡ, ಫೋನ್ ಬೇಡ. ಕಲಬುರಗಿ ಕೋಟೆಯ ಮೇಲಿನ ಉದ್ದ ತೋಪು ನೋಡಿದ್ದೀರಲ್ಲ? ಒಮ್ಮೆ ನನ್ನ ಡಾಬನ್ನು ಟಂಟಂನಲ್ಲಿ ಒಯ್ಯುವಾಗ ಡ್ರೈವರ್ ಕೇಳಿದ: "ಏನ್ರೀ ಸರ, ಸಣ್ಣ ತೋಪೇನ್ರೀ ಇದು?" ಹೌದಪ್ಪಾ ಅಂದೆ. ಒಂದು ತಿರುಗಣಿ ಮೇಲೆ ಉದ್ದನೆಯ ಕೊಳವೆ, ವಿಷಯ ಅಷ್ಟೇ ತಾನೆ.

ಹೂಡಲು ಐದು ನಿಮಿಷ ಸಾಕು. ದುಡ್ಡಿಗೆ ಸಿಗುವ ಬೆಳಕಿನ ಲೆಕ್ಕದಲ್ಲಿ ಇದರ ಹತ್ತಿರಕ್ಕೆ ಯಾವುದೂ ಬರುವುದಿಲ್ಲ, ಏಕೆಂದರೆ ನೀವು ಕೊಟ್ಟ ದುಡ್ಡೆಲ್ಲ ಕನ್ನಡಿಗೆ ಹೋಗುತ್ತದೆ, ಗೇರಿಗಲ್ಲ. ಅಲುಗಾಟವೂ ಕಡಿಮೆ, ತಳ ಅಗಲ.

ತೊಂದರೆ ಗಾತ್ರದ್ದು. ಆರು ಇಂಚಿನ ಎಫ್/8 ಆಗಲಿ, ಎಂಟು ಇಂಚಿನ ಎಫ್/6 ಆಗಲಿ (ಎಫ್ ಅಂಕಿ ಅಂದರೆ ಫೋಕಸ್ ದೂರ ಕನ್ನಡಿಯ ಅಗಲದ ಎಷ್ಟು ಪಟ್ಟು ಅಂತ), ಎರಡರದ್ದೂ ಕೊಳವೆ ಹತ್ತಿರ ಹತ್ತಿರ ನಾಲ್ಕು ಅಡಿ. ಉದ್ದದಲ್ಲಿ ವ್ಯತ್ಯಾಸ ಇಲ್ಲ, ಅಗಲ ಮತ್ತು ತೂಕದಲ್ಲಿ ಇದೆ. ಎಂಟು ಇಂಚಿನದು ಕೊಳವೆ ಮತ್ತು ಡಬ್ಬ ಸೇರಿ ಇಪ್ಪತ್ತರಿಂದ ಇಪ್ಪತ್ತಾರು ಕಿಲೋ. ಸಣ್ಣ ಕಾರಿನ ಹಿಂದಿನ ಸೀಟಿನ ಮೇಲೆ ಕೊಳವೆ ಅಡ್ಡ ಮಲಗಬಹುದು, ಮಲಗದೆಯೂ ಇರಬಹುದು. ಕೊಳ್ಳುವ ಮೊದಲು ಟೇಪು ಹಿಡಿದು ಅಳೆಯಿರಿ, ಬಾಗಿಲು ಹಾಕಿಕೊಂಡು ಅಳೆಯಿರಿ. ಬೈಕ್ ಮೇಲೆ ಇದು ಆಗದ ಮಾತು. ಬಸ್ಸಿನಲ್ಲಿ ಒಮ್ಮೆ ಒಯ್ದಿದ್ದೇನೆ, ಆಳಂದದವರೆಗೆ ಕನ್ನಡಿಯ ಪೆಟ್ಟಿಗೆಯನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದೆ. ಇನ್ನೊಮ್ಮೆ ಒಯ್ಯಲಾರೆ.

ಇನ್ನೊಂದು ಸಣ್ಣ ಕಿರಿಕಿರಿ ನೆತ್ತಿಯ ಮೇಲಿನದು. ಕೃತ್ತಿಕೆ ನಮ್ಮಲ್ಲಿ 83 ಡಿಗ್ರಿ ಎತ್ತರಕ್ಕೆ ಏರುತ್ತದೆ, ಅಂದರೆ ಬಹುಪಾಲು ತಲೆ ಮೇಲೆಯೇ. ಅಲ್ಲಿ ಡಾಬ್‌ನ ಕೊಳವೆ ನೆಟ್ಟಗೆ ನಿಂತುಬಿಡುತ್ತದೆ, ಎಡಬಲ ತಿರುಗಿಸಲು ಕೈಗೆ ಹಿಡಿತವೇ ಸಿಗುವುದಿಲ್ಲ. ಅರ್ಧ ಗಂಟೆ ಕಾದು ಪಡುವಣಕ್ಕೆ ವಾಲಿದ ಮೇಲೆ ನೋಡುವುದು ಜಾಣತನ.

ಮೇಜಿನ ಮೇಲಿಡುವ ಪುಟ್ಟ ಡಾಬ್‌ಗಳೂ ಬರುತ್ತವೆ, 114 ಅಥವಾ 130 ಎಂಎಂ. ಇವು ಬೆನ್ನಿಗೆ ಹಾಕುವ ದೊಡ್ಡ ಬ್ಯಾಗಿನಲ್ಲಿ ಹಿಡಿಸುತ್ತವೆ. ಗಟ್ಟಿ ಸ್ಟೂಲು ಒಂದು ಬೇಕು. ಪ್ಲಾಸ್ಟಿಕ್ ಕುರ್ಚಿ ಮೇಲೆ ಇಟ್ಟರೆ ಟೆಫ್ಲಾನ್ ಇದ್ದೂ ಪ್ರಯೋಜನ ಇಲ್ಲ, ಕುರ್ಚಿಯೇ ನಡುಗುತ್ತದೆ.

ಅಗ್ಗದ ಈಕ್ವಟೋರಿಯಲ್ ಕಿಟ್

ಒಂದು ಅಕ್ಷವನ್ನು ಧ್ರುವದ ಕಡೆ ಮಾಡಿ ಆಕಾಶದ ಜೊತೆ ತಿರುಗಿಸುವ ಮೌಂಟಿಗೆ ಈಕ್ವಟೋರಿಯಲ್ ಅಂತೀವಿ. ಅದರ ಅಗ್ಗದ ಕಿಟ್ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ, ಬೇಡ. ಚಿತ್ರದಲ್ಲಿ ಬಹಳ ವೈಜ್ಞಾನಿಕವಾಗಿ ಕಾಣುತ್ತದೆ, ಎರಡು ಗುಂಡಿ, ಒಂದು ಭಾರ, ಅಂಕಿ ಬರೆದ ಬಳೆಗಳು. ತೆಳ್ಳನೆಯ ಅಲ್ಯೂಮಿನಿಯಂ ಕಾಲಿನ ಮೇಲೆ ಮೂರು ಅಡಿ ಕೊಳವೆ ಕೂರಿಸಿರುತ್ತಾರೆ. ಗಾಳಿ ಬೀಸಿದರೆ ಚಂದ್ರ ಜೋಕಾಲಿ ಆಡುತ್ತಾನೆ. ಅದೇ ದುಡ್ಡಿಗೆ ಪುಟ್ಟ ಡಾಬ್ ಬರುತ್ತದೆ. ಈಗಾಗಲೇ ಕೊಂಡಿದ್ದರೆ ಕಾಲುಗಳನ್ನು ಪೂರ್ತಿ ಚಾಚಬೇಡಿ, ಕುಳಿತು ನೋಡಿ, ನಡುವಿನ ತಟ್ಟೆಯಿಂದ ಒಂದು ಇಟ್ಟಿಗೆ ಕಟ್ಟಿ ಇಳಿಬಿಡಿ. ಅರ್ಧ ನಡುಕ ಹೋಗುತ್ತದೆ.

ತಾನೇ ಹುಡುಕುವ ಆಲ್ಟ್-ಅಜಿಮತ್

ಇವು ಡಾಬ್ ಥರವೇ ಮೇಲೆ ಕೆಳಗೆ, ಎಡ ಬಲ ತಿರುಗುತ್ತವೆ, ಆದರೆ ಮೋಟಾರಿನಿಂದ. ಎರಡು ನಕ್ಷತ್ರ ತೋರಿಸಿಕೊಟ್ಟರೆ ಉಳಿದದ್ದನ್ನು ತಾವೇ ಹುಡುಕುತ್ತವೆ. ಸ್ಕೈವಾಚರ್ ಕಂಪನಿಯ ಎಝಡ್-ಜಿಟಿಐ ಅಂಥದ್ದು, ಅದರ ತಲೆ ಒಂದೂವರೆ ಕಿಲೋದೊಳಗೆ, ಐದು ಕಿಲೋ ಹೊರುತ್ತದೆ, ಫೋನಿನಿಂದ ಓಡಿಸಬಹುದು. ಸೆಲೆಸ್ಟ್ರಾನ್ ಕಂಪನಿಯ ಒಂಟಿ ತೋಳಿನ ಆರು ಇಂಚಿನದು ಎಲ್ಲ ಸೇರಿ ಹದಿನಾಲ್ಕು ಕಿಲೋ ಆಸುಪಾಸು. ಧ್ರುವ ಕಾಣಬೇಕಿಲ್ಲ. ಮಾಳಿಗೆಯ ಉತ್ತರಕ್ಕೆ ಮೂರು ಮಹಡಿ ಎದ್ದಿದ್ದರೂ ದಕ್ಷಿಣದ ನಕ್ಷತ್ರಗಳಿಂದಲೇ ಕೆಲಸ ನಡೆಯುತ್ತದೆ. ಸಿಟಿಯೊಳಗೆ ಇರುವವರಿಗೆ ಇದೇ ದೊಡ್ಡ ಸುಖ. ಬೀದಿದೀಪದ ಬೆಳಕಿನಲ್ಲಿ ಕಣ್ಣಿಗೆ ದಾರಿ ತೋರುವ ಸಣ್ಣ ನಕ್ಷತ್ರಗಳೇ ಕಾಣುವುದಿಲ್ಲ, ಡಾಬ್ ಹಿಡಿದು ಹುಡುಕಿ ಹುಡುಕಿ ಕತ್ತು ನೋಯುತ್ತದೆ.

ಕೊಡಬೇಕಾದದ್ದು ಏನು? ಒಂದು, ಕನ್ನಡಿ ಸಣ್ಣದಾಗುತ್ತದೆ. ಅದೇ ದುಡ್ಡಿಗೆ ಎಂಟು ಇಂಚಿನ ಡಾಬ್ ಸಿಗುವ ಕಡೆ ನಾಲ್ಕೈದು ಇಂಚು ಸಿಗುತ್ತದೆ. ಎರಡು, ಕರೆಂಟು. ಒಳಗಿನ ಪೆನ್ಸಿಲ್ ಸೆಲ್ಲುಗಳನ್ನು ನಂಬಬೇಡಿ, ಅರ್ಧ ರಾತ್ರಿಗೆ ಕೈಕೊಡುತ್ತವೆ. 12 ವೋಲ್ಟಿನ ಯುಪಿಎಸ್ ಬ್ಯಾಟರಿ, 7 ಆಂಪಿಯರ್-ಅವರ್‌ದು, ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ, ಒಂದು ರಾತ್ರಿಗೆ ಸಾಕು. ಪಿನ್ನಿನ ನಡುಭಾಗ ಪ್ಲಸ್ಸೋ ಮೈನಸ್ಸೋ ಅಂತ ಪುಸ್ತಕ ನೋಡಿಯೇ ವೈರು ಹಾಕಿಸಿ. ಮಧ್ಯೆ ಒಂದು ಫ್ಯೂಸ್ ಇರಲಿ. ಮೂರು, ಮೋಟಾರು ನಿಂತರೆ ಕೈಯಲ್ಲಿ ತಿರುಗಿಸಲು ಬರುತ್ತದಾ ಅಂತ ಕೊಳ್ಳುವ ಮುಂಚೆ ಕೇಳಿ. ಬಾರದ ಮಾದರಿಯಾದರೆ ಬ್ಯಾಟರಿ ಇಳಿದ ಗಳಿಗೆಯಿಂದ ಅದು ಕಬ್ಬಿಣದ ಗೊಂಬೆ.

ದೀರ್ಘ ಫೋಟೋಕ್ಕೂ ಇದು ಸಲ್ಲ. ನಕ್ಷತ್ರ ನಡುವೆ ನಿಂತರೂ ಸುತ್ತಲಿನ ಆಕಾಶ ನಿಧಾನ ತಿರುಗುತ್ತಾ ಹೋಗುತ್ತದೆ, ಅಂಚಿನ ಚುಕ್ಕಿಗಳು ಗೀರಾಗುತ್ತವೆ. ಚಂದ್ರ, ಗುರು, ಶನಿಗೆ ತೊಂದರೆ ಇಲ್ಲ.

ಈಕ್ವಟೋರಿಯಲ್, ಮತ್ತು ನಮ್ಮ 17 ಡಿಗ್ರಿಯ ಗೋಳು

ಒಳ್ಳೆಯ ಈಕ್ವಟೋರಿಯಲ್ ಮೌಂಟಿನ ಒಂದು ಅಕ್ಷ ಭೂಮಿಯ ಅಕ್ಷಕ್ಕೆ ಸಮನಾಗಿ ಧ್ರುವದ ಕಡೆ ಮುಖ ಮಾಡಿರುತ್ತದೆ. ಆಮೇಲೆ ಒಂದೇ ಮೋಟಾರು ಒಂದೇ ವೇಗದಲ್ಲಿ ತಿರುಗಿದರೆ ಆಕಾಶ ನಿಂತುಬಿಡುತ್ತದೆ. ನೀಹಾರಿಕೆಗಳ ಫೋಟೋಕ್ಕೆ ಇದೇ ರಾಜಮಾರ್ಗ. ಸ್ಕೈವಾಚರ್‌ನ ಮಾದರಿಗಳಲ್ಲಿ ಇಕ್ಯೂ5 ದರ್ಜೆಯದು ಸಣ್ಣ ಕೊಳವೆಗೆ, ಹೆಚ್‌ಇಕ್ಯೂ5 ಮಧ್ಯಮಕ್ಕೆ, ಇಕ್ಯೂ6 ದೊಡ್ಡದಕ್ಕೆ. ಹೆಚ್‌ಇಕ್ಯೂ5ರ ತಲೆ ಹತ್ತು ಕಿಲೋ, ಇಕ್ಯೂ6-ಆರ್‌ದು ಹದಿನೇಳಕ್ಕೂ ಜಾಸ್ತಿ. ಅದರ ಮೇಲೆ ಟ್ರೈಪಾಡ್, ಕೊಳವೆಗೆ ಸಮತೂಕವಾಗಿ ಸಲಾಕೆಗೆ ಹಾಕುವ ಐದೈದು ಕಿಲೋದ ಭಾರಗಳು (ಕೌಂಟರ್‌ವೇಟ್), ಕೊಳವೆ, ಬ್ಯಾಟರಿ, ಲ್ಯಾಪ್‌ಟಾಪ್. ದುಡ್ಡು ಲಕ್ಷ ದಾಟುತ್ತದೆ.

ನನ್ನ ಮೊದಲ ದೊಡ್ಡ ಮೌಂಟ್ ಇದೇ. ಕೊಟ್ಟವರು "ಇಂಡಿಯಾದಲ್ಲಿ ಎಲ್ಲ ಕಡೆ ನಡೆಯುತ್ತೆ" ಅಂದಿದ್ದರು. ನಡೆಯಿತು, ಆದರೆ ಕುಂಟುತ್ತಾ. ಅಕ್ಷವನ್ನು 17 ಡಿಗ್ರಿಗೆ ಇಳಿಸಿದರೆ ತಲೆ ಮುಂದಕ್ಕೆ ಬಗ್ಗಿ ಉತ್ತರದ ಕಡೆ ಹೊರಚಾಚಿಕೊಳ್ಳುತ್ತದೆ. ಭಾರದ ಸಲಾಕೆ ಬಹುತೇಕ ನೆಟ್ಟಗೆ ಕೆಳಕ್ಕೆ ತೂಗುತ್ತದೆ. ಕೆಳಗೆ ಏನಿದೆ? ಉತ್ತರಕ್ಕೆ ಚಾಚಿದ ಟ್ರೈಪಾಡಿನ ಕಾಲು. ಜನವರಿಯ ಒಂದು ರಾತ್ರಿ ಹೊಲದಲ್ಲಿ ಕೂತಿದ್ದೆ, ಮೋಟಾರಿನ ಸದ್ದು ಇದ್ದಕ್ಕಿದ್ದ ಹಾಗೆ ಬದಲಾಯಿತು. ಗೊರಗೊರ ಅಂತ. ಟಾರ್ಚ್ ಹಾಕಿ ನೋಡಿದರೆ ಭಾರ ಕಾಲಿಗೆ ಒತ್ತಿಕೊಂಡು ನಿಂತಿದೆ, ಗೇರು ತಿರುಗಲು ಹೆಣಗುತ್ತಿದೆ, ಕಾಲಿನ ಬಣ್ಣ ಉಗುರಿನಗಲ ಕಿತ್ತು ಹೋಗಿದೆ. ಆ ರಾತ್ರಿಯ ಫೋಟೋಗಳಲ್ಲಿ ಕೊನೆಯ ಹನ್ನೆರಡೂ ಗೆರೆ ಗೆರೆ.

ಮದ್ದು ಇದೆ. ತಲೆಗೂ ಟ್ರೈಪಾಡಿಗೂ ನಡುವೆ ಒಂದು ಗಿಡ್ಡ ಕಂಬ ಹಾಕಿ ಎತ್ತರಿಸಬಹುದು. ಅಥವಾ ಭಾರವನ್ನು ಸಲಾಕೆಯ ಮೇಲುಭಾಗದಲ್ಲೇ ನಿಲ್ಲುವ ಹಾಗೆ ಇನ್ನೊಂದು ಭಾರ ಸೇರಿಸಬಹುದು. ಕೆಲವರು ಟ್ರೈಪಾಡನ್ನೇ ತಿರುಗಿಸಿ ಕಾಲನ್ನು ದಕ್ಷಿಣಕ್ಕೆ ಮಾಡುತ್ತಾರೆ. ನನಗೆ ಅದು ಧೈರ್ಯ ಬರುವುದಿಲ್ಲ, ತೂಕವೆಲ್ಲ ಉತ್ತರಕ್ಕೆ ವಾಲಿರುವಾಗ ಅಲ್ಲೇ ಕಾಲಿಲ್ಲದಿದ್ದರೆ ಹೇಗೆ? ಇನ್ನು ಎತ್ತರ ಹೊಂದಿಸುವ ಬೋಲ್ಟು. ಅಷ್ಟೂ ಹೊರೆ ಅದರ ಮೇಲಿರುವಾಗ ಬಲವಂತವಾಗಿ ತಿರುಗಿಸಿದರೆ ಬಾಗುತ್ತದೆ. ಒಂದು ಕೈಯಲ್ಲಿ ತಲೆಯನ್ನು ಸ್ವಲ್ಪ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ತಿರುಗಿಸಿ. ಕೊಳ್ಳುವಾಗ ಮೌಂಟಿನ ಅಕ್ಷಾಂಶದ ಮಿತಿ ಎಷ್ಟು ಅಂತ ಕೇಳುವುದನ್ನು ಮರೆಯಬೇಡಿ. 20ಕ್ಕೇ ನಿಲ್ಲುವುದಾದರೆ ನಮಗೆ ಅದು ಬೇಡ.

ಅಕ್ಷವನ್ನು ಧ್ರುವಕ್ಕೆ ಗುರಿಯಿಡಲು ಮೌಂಟಿನೊಳಗೇ ಇರುವ ಸಣ್ಣ ದುರ್ಬೀನು ನೋಡಲು ಮಂಡಿಯೂರಿ, ಕತ್ತು ತಿರುಚಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಬೇಕು. ಎರಡು ವರ್ಷ ಹೀಗೆ ಸಾಷ್ಟಾಂಗ ಹಾಕಿದ ಮೇಲೆ ಫೋನಿನ ಕ್ಯಾಮೆರಾವನ್ನು ಅದಕ್ಕೆ ಹಿಡಿದು ನೋಡಬಹುದು ಅಂತ ಹೊಳೆಯಿತು. ಧ್ರುವವೇ ಮರೆಯಾದ ಮಾಳಿಗೆಯಾದರೆ ಕಂಪಾಸಿನಿಂದ ಉತ್ತರ ಹಿಡಿಯಿರಿ. ನಮ್ಮ ಭಾಗದಲ್ಲಿ ಕಂಪಾಸಿನ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂದು ಡಿಗ್ರಿಯೊಳಗಿನ ವ್ಯತ್ಯಾಸ, ಶುರು ಮಾಡಲು ಸಾಕು. ಆದರೆ ಮೌಂಟಿನ ಕಬ್ಬಿಣದಿಂದ ದೂರ ನಿಂತು ನೋಡಿ. ಆಮೇಲೆ ದಕ್ಷಿಣದ ಒಂದು ನಕ್ಷತ್ರ ಮೇಲೆ ಕೆಳಗೆ ಜಾರುವುದನ್ನು ನೋಡಿ ಸರಿಪಡಿಸುವ ಹಳೆ ಪದ್ಧತಿ ಇದೆ. ಕ್ಯಾಮೆರಾ ಇದ್ದವರಿಗೆ ಆಕಾಶದ ಚಿತ್ರ ತೆಗೆದು ತಾನೇ ಲೆಕ್ಕ ಹಾಕಿ ಹೇಳುವ ಸಾಫ್ಟ್‌ವೇರ್ ಇದೆ, ಅದಕ್ಕೆ ಧ್ರುವ ಕಾಣಬೇಕಿಲ್ಲ.

ಹೂಡುವಾಗ ಮೊದಲು ಭಾರ, ಆಮೇಲೆ ಕೊಳವೆ. ಬಿಚ್ಚುವಾಗ ಮೊದಲು ಕೊಳವೆ, ಆಮೇಲೆ ಭಾರ. ಒಮ್ಮೆ ನಿದ್ದೆಗಣ್ಣಲ್ಲಿ ಇದನ್ನು ತಿರುಗುಮುರುಗು ಮಾಡಿದೆ. ಸಲಾಕೆಯ ತುದಿಯ ಸ್ಕ್ರೂ ಹಾಕುವುದನ್ನೂ ಮರೆತಿದ್ದೆ. ಐದು ಕಿಲೋ ಎಡಗಾಲಿನ ಹೆಬ್ಬೆರಳಿಗೆ. ಆ ಉಗುರು ಇನ್ನೂ ಸರಿಯಾಗಿ ಬಂದಿಲ್ಲ.

ಭಾರ ಬೇಡದ ಹೊಸ ತಳಿ, ಮತ್ತು ಬರೀ ಕ್ಯಾಮೆರಾದ ಟ್ರ್ಯಾಕರ್

ಈಚೆಗೆ ಹಾರ್ಮೋನಿಕ್ ಗೇರಿನ ಈಕ್ವಟೋರಿಯಲ್‌ಗಳು ಬಂದಿವೆ. ಝಡ್‌ಡಬ್ಲ್ಯೂಒ ಕಂಪನಿಯ ಎಎಂ5 ಬರೀ ಐದು ಕಿಲೋ, ಕೌಂಟರ್‌ವೇಟ್ ಇಲ್ಲದೆ ಹದಿಮೂರು ಕಿಲೋ ಹೊರುತ್ತದೆ. ಬ್ಯಾಲೆನ್ಸ್ ಮಾಡುವ ರಗಳೆ ಇಲ್ಲ, ಭಾರ ಕಾಲಿಗೆ ಬಡಿಯುವ ಭಯ ಇಲ್ಲ. 17 ಡಿಗ್ರಿಯವರಿಗೆ ಅಂತಲೇ ಮಾಡಿದ ಹಾಗಿದೆ. ಆದರೆ ಇವುಗಳ ಗೇರು ತನ್ನಷ್ಟಕ್ಕೆ ಓಡಿದರೆ ಅತ್ತಿತ್ತ ಓಲಾಡುತ್ತದೆ. ಸರಿಪಡಿಸುತ್ತಾ ಇರಲು ಇನ್ನೊಂದು ಸಣ್ಣ ಕ್ಯಾಮೆರಾ, ಇನ್ನೊಂದು ಸಣ್ಣ ಕೊಳವೆ ಬೇಕು. ಹಗುರ ಟ್ರೈಪಾಡಿನ ಮೇಲೆ ಭಾರವಿಲ್ಲದೆ ಒಂದೇ ಕಡೆ ಕೊಳವೆ ನೇತಾಡಿದರೆ ಮಗುಚುವ ಸಾಧ್ಯತೆಯೂ ಇದೆ. ಬೆಲೆ ಕೇಳಿದರೆ ಒಮ್ಮೆ ಕೂತುಕೊಳ್ಳಬೇಕು. ಕೆಟ್ಟರೆ ಇಲ್ಲಿ ಯಾರೂ ಮುಟ್ಟುವುದಿಲ್ಲ.

ಸ್ಟಾರ್ ಟ್ರ್ಯಾಕರ್ ಇನ್ನೂ ಸಣ್ಣದು. ಒಂದೂವರೆ ಕಿಲೋದೊಳಗಿನ ಡಬ್ಬಿ, ಮೇಲೆ ಬರೀ ಕ್ಯಾಮೆರಾ ಮತ್ತು ಲೆನ್ಸ್. ಸುಮ್ನೆ ಟ್ರೈಪಾಡ್ ಮೇಲೆ 50 ಎಂಎಂ ಲೆನ್ಸಿನಲ್ಲಿ ಹತ್ತು ಸೆಕೆಂಡು ದಾಟಿದರೆ ನಕ್ಷತ್ರ ಉದ್ದವಾಗುತ್ತದೆ. ಟ್ರ್ಯಾಕರ್ ಮೇಲೆ ಎರಡು ಮೂರು ನಿಮಿಷ ಹೋಗಬಹುದು. ಬೆನ್ನಿಗೆ ಹಾಕಿಕೊಂಡು ಬಸ್ ಹತ್ತಬಹುದು. ಕಣ್ಣಲ್ಲಿ ನೋಡಲು ಮಾತ್ರ ಏನೂ ಇಲ್ಲ, ಅಕ್ಕಪಕ್ಕ ನಿಂತ ಮಕ್ಕಳಿಗೆ ಬೇಜಾರು.

ಮಾಳಿಗೆ ಮೇಲೆ ಖಾಯಂ ಕಂಬ

ಕಲಬುರಗಿಯಿಂದ ಆಳಿದ ಫಿರೋಜ್ ಷಾ ಬಹಮನಿ 1407ರಲ್ಲಿ ದೌಲತಾಬಾದಿನಲ್ಲಿ ಒಂದು ವೀಕ್ಷಣಾಲಯ ಕಟ್ಟಿಸಲು ಶುರು ಮಾಡಿದ. ಉಸ್ತುವಾರಿಯ ಹಕೀಮ ತೀರಿಕೊಂಡ, ಕೆಲಸ ಅರ್ಧಕ್ಕೆ ನಿಂತಿತು. ನಮ್ಮ ಕಡೆಯವರ ಖಾಯಂ ವ್ಯವಸ್ಥೆಗಳಿಗೆ ಅಂದಿನಿಂದಲೇ ಈ ಶಾಪ ಇದ್ದ ಹಾಗಿದೆ. ನನ್ನ ಕಂಬವೂ ಎರಡು ವರ್ಷ ಬರೀ ಪೈಪಾಗಿ ನಿಂತಿತ್ತು, ಅದಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದರು.

ಆದರೂ ಸ್ವಂತ ಮನೆ, ಸ್ವಂತ ಮಾಳಿಗೆ ಇದ್ದರೆ ಇದಕ್ಕಿಂತ ಸುಖ ಇಲ್ಲ. ಆರು ಇಂಚಿನ ಕಬ್ಬಿಣದ ಪೈಪು, ಒಳಗೆ ಕಾಂಕ್ರೀಟು, ಮೇಲೆ ಲೇಥ್ ಅಂಗಡಿಯಲ್ಲಿ ಮಾಡಿಸಿದ ದಪ್ಪ ತಟ್ಟೆ. ಸ್ಲ್ಯಾಬಿನ ನಡುವೆ ನಿಲ್ಲಿಸಬೇಡಿ. ಕೆಳಗೆ ಪಿಲ್ಲರು ಇರುವ ಜಾಗದ ಮೇಲೆಯೇ ನಿಲ್ಲಿಸಿ, ಇಲ್ಲದಿದ್ದರೆ ಯಾರಾದರೂ ನಡೆದಾಗಲೆಲ್ಲ ಗುರು ಹಾರುತ್ತಾನೆ. ಸ್ಲ್ಯಾಬಿಗೆ ಡ್ರಿಲ್ ಹಾಕಿಸಿದರೆ ಮಳೆಗಾಲಕ್ಕೆ ಕೆಳಗಿನ ಕೋಣೆ ಸೋರುತ್ತದೆ, ಆಮೇಲೆ ಮನೆಯವರ ಮುಂದೆ ಉತ್ತರ ನೀವೇ ಕೊಡಬೇಕು. ಒಮ್ಮೆ ಧ್ರುವಕ್ಕೆ ಹೊಂದಿಸಿದರೆ ಮತ್ತೆ ಹೊಂದಿಸುವ ಕೆಲಸ ಅಪರೂಪ. ತಲೆ ಮಾತ್ರ ಒಳಗೆ ಒಯ್ದು ತಂದರೆ ಸಾಕು. ನಷ್ಟ ಏನೆಂದರೆ ಊರಿನ ಬೆಳಕು. ಕತ್ತಲೆ ಇರುವ ಕಡೆಗೆ ಕಂಬ ಬರುವುದಿಲ್ಲ. ಬೇಸಿಗೆಯಲ್ಲಿ ಹಗಲೆಲ್ಲ ಕಾದ ಸ್ಲ್ಯಾಬು ಮಧ್ಯರಾತ್ರಿಯವರೆಗೂ ಬಿಸಿ ಉಗುಳುತ್ತದೆ, ಗ್ರಹಗಳು ನೀರಿನೊಳಗೆ ಇದ್ದಂತೆ ಕಾಣುತ್ತವೆ.

ಹೊಲ, ದೂಳು, ಮಳೆ

ಕತ್ತಲು ಬೇಕಾದರೆ ಆಳಂದ ಕಡೆಗೋ, ಚಿಂಚೋಳಿ ಕಡೆಗೋ ಹೋಗಬೇಕು. ಚಿಂಚೋಳಿಯ ಕಾಡಿನೊಳಗೆ ರಾತ್ರಿ ಹಾಗೇ ನುಗ್ಗುವಂತಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು. ಊರಿನಾಚೆ ಪರಿಚಯದವರ ಹೊಲವೇ ವಾಸಿ. ಸೇಡಂ, ವಾಡಿ ಕಡೆ ಸಿಮೆಂಟ್ ಫ್ಯಾಕ್ಟರಿಗಳ ಬೆಳಕೂ ಇದೆ, ದೂಳೂ ಇದೆ.

ಎರಿ ಮಣ್ಣಿನ ಗುಣ ಗೊತ್ತಲ್ಲ. ಒಣಗಿದರೆ ಬಿರುಕು, ತೇವ ಇದ್ದರೆ ಬೆಣ್ಣೆ. ತೊಗರಿ ಹೊಲದಂಚಿನಲ್ಲಿ ಟ್ರೈಪಾಡ್ ಇಟ್ಟು ಹತ್ತಕ್ಕೆ ಧ್ರುವ ಹೊಂದಿಸಿದೆ, ಹನ್ನೆರಡಕ್ಕೆ ನೋಡಿದರೆ ಒಂದು ಕಾಲು ಎರಡು ಬೆರಳು ಇಳಿದಿತ್ತು. ಅಂದಿನಿಂದ ಶಹಾಬಾದ್ ಪರ್ಸಿಯ (ಹಾಸುಗಲ್ಲು) ಮೂರು ತುಂಡುಗಳು ಕಾರಿನಲ್ಲೇ ಇರುತ್ತವೆ, ಒಂದೊಂದು ಗೇಣಗಲ. ಕಲ್ಲಿನ ಅಂಗಡಿಯವನು ಒಡೆದ ತುಂಡುಗಳಿಗೆ ದುಡ್ಡು ತಗೊಳ್ಳಲಿಲ್ಲ. ಡಾಬ್‌ಗೂ ಅವೇ ಪರ್ಸಿ, ಮೂರು ಕಾಲಿನ ಕೆಳಗೆ.

ಒಯ್ಯುವಾಗ ಕೊಳವೆ, ಭಾರ ಎರಡನ್ನೂ ಮೌಂಟಿನಿಂದ ತೆಗೆದಿಡಿ. ಕ್ಲಚ್ಚುಗಳನ್ನು ಸಡಿಲ ಬಿಟ್ಟು, ತಲೆಯನ್ನು ದಪ್ಪ ಕೌದಿಯಲ್ಲಿ ಸುತ್ತಿ ನೆಲದ ಮೇಲೆ ಇಡಿ. ಬಿಗಿದಿದ್ದರೆ ರಸ್ತೆಯ ಗುಂಡಿಯ ಪೆಟ್ಟೆಲ್ಲ ಗೇರಿನ ಹಲ್ಲಿಗೆ ಹೋಗುತ್ತದೆ. ನಮ್ಮ ರಸ್ತೆಗಳ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಕನ್ನಡಿಯ ದೂರದರ್ಶಕವಾದರೆ ಇಳಿದ ಮೇಲೆ ಪ್ರತಿಸಲ ಕನ್ನಡಿಗಳ ನೇರ ನೋಡಿ ಹೊಂದಿಸಬೇಕು, ಲೆನ್ಸಿನದಕ್ಕೆ ಆ ಕೆಲಸ ಇಲ್ಲ. ಏಪ್ರಿಲ್, ಮೇನಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಮೌಂಟ್ ಬಿಟ್ಟು ಹೋಗಬೇಡಿ. ಗ್ರೀಸಿನ ಎಣ್ಣೆ ಬೇರ್ಪಟ್ಟು ಸೋರುತ್ತದೆ. ಸೋರಿದ ಎಣ್ಣೆಗೆ ದೂಳು ಅಂಟಿದರೆ ಗೇರಿಗೆ ಸಾಣೆ ಹಿಡಿದ ಹಾಗೆ.

ಡಾಬ್‌ಗೆ ಗ್ರೀಸೇ ಬೇಡ. ಟೆಫ್ಲಾನನ್ನು ಒಣಬಟ್ಟೆಯಲ್ಲಿ ಒರೆಸಿ, ಅದು ಉಜ್ಜುವ ಲ್ಯಾಮಿನೇಟಿಗೆ ವರ್ಷಕ್ಕೊಮ್ಮೆ ಕಾರಿನ ವ್ಯಾಕ್ಸ್ ಹಚ್ಚಿ. ಶತ್ರು ನೀರು. ಹೊಟ್ಟಿನ ಹಲಗೆ ಒಮ್ಮೆ ನೆನೆದರೆ ರೊಟ್ಟಿ ಥರ ಉಬ್ಬುತ್ತದೆ, ಅಂಚುಗಳಿಗೆ ಮೊದಲೇ ಎರಡು ಕೋಟು ಪೇಂಟ್ ಹೊಡೆಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಐಪೀಸುಗಳನ್ನು ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿ ಮುಚ್ಚಿಡಿ. ನೀಲಿ ಹರಳು ಗುಲಾಬಿಯಾದರೆ ಹಳೆಯ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಮತ್ತೆ ನೀಲಿಯಾಗುತ್ತದೆ. ಆ ಹಂಚನ್ನು ಆಮೇಲೆ ಅಡುಗೆಗೆ ಬಳಸಬೇಡಿ. ಮೌಂಟಿನ ತೂತುಗಳಿಗೆಲ್ಲ ಟೇಪು ಅಂಟಿಸಿ. ಕಣಜದ ಹುಳ ಮಣ್ಣು ತಂದು ಗೂಡು ಕಟ್ಟುತ್ತದೆ. ಬೋಲ್ಟಿನ ತೂತಿನೊಳಗೆ ಗಟ್ಟಿಯಾದ ಆ ಮಣ್ಣನ್ನು ಸೂಜಿಯಿಂದ ಕೆರೆದು ತೆಗೆಯಲು ನನಗೆ ಒಂದು ಭಾನುವಾರ ಹಿಡಿದಿದೆ.

ಆ ಮೂವರಿಗೆ

ಯಾದಗಿರಿಯ ಮೇಷ್ಟ್ರಿಗೆ 130 ಎಂಎಂ ಪುಟ್ಟ ಡಾಬ್ ಹೇಳಿದೆ. ಸ್ಟೂಲು ಎಲ್ಲ ಶಾಲೆಯಲ್ಲೂ ಇರುತ್ತದೆ, ಹೊರಬೇಕಿಲ್ಲ. ಮೂವತ್ತು ಮಕ್ಕಳು ಒಬ್ಬೊಬ್ಬರಾಗಿ ಮುಟ್ಟಿ ತಳ್ಳಿದರೂ ಕೆಡುವ ಭಾಗ ಅದರಲ್ಲಿ ಇಲ್ಲ. ಎಂಟು ಇಂಚಿನದರ ಆಸೆ ಅವರಿಗೆ ಇನ್ನೂ ಇದೆ. ಕಾರು ಕೊಂಡ ಮೇಲೆ ನೋಡೋಣ್ರೀ ಸರ ಅಂದೆ.

ಬೀದರಿನ ಹುಡುಗಿಗೆ ಟ್ರ್ಯಾಕರ್. ಅವಳ ಮನಸ್ಸು ಹೆಚ್‌ಇಕ್ಯೂ5 ಮೇಲಿತ್ತು, ಸಾಲ ಮಾಡಿಯಾದರೂ ಸರಿ ಅಂತ. ಹಾಸ್ಟೆಲ್ ಎರಡನೇ ಮಹಡಿ. ಕೆಲಸ ಯಾವ ಊರಲ್ಲಿ ಸಿಗುತ್ತದೋ ಗೊತ್ತಿಲ್ಲ. ಟ್ರ್ಯಾಕರ್ ಆದರೆ ಆ ಊರಿಗೆ ಬ್ಯಾಗಿನಲ್ಲೇ ಹೋಗುತ್ತದೆ. ಧ್ರುವ ಹೊಂದಿಸುವ ಪಾಠ ಇದರಲ್ಲೇ ಕಲಿತರೆ ಮುಂದೆ ದೊಡ್ಡ ಮೌಂಟ್ ಕೈಗೆ ಬಂದಾಗ ಮೊದಲ ಆರು ತಿಂಗಳು ಉಳಿಯುತ್ತದೆ.

ರಿಟೈರಾದ ದಂಪತಿ ಬಗ್ಗೆ ನನಗೇ ಎರಡು ಮನಸ್ಸು. ಅವರದು ಸ್ವಂತ ಮನೆ, ಕಂಬ ನಿಲ್ಲಿಸಬಹುದು. ಆದರೆ ಮೆಟ್ಟಿಲು ಇಪ್ಪತ್ತೆರಡು. ಕೊನೆಗೆ ತಾನೇ ಹುಡುಕುವ ಹಗುರ ಆಲ್ಟ್-ಅಜಿಮತ್, ಅಂಗಳದಲ್ಲೇ ಇಡುವುದು ಅಂತಾಯಿತು. ಅಂಗಳದಿಂದ ದಕ್ಷಿಣ ಬಯಲು. ಫೆಬ್ರವರಿಯಲ್ಲಿ ಅಗಸ್ತ್ಯ ನಕ್ಷತ್ರ ಎದುರಿಗೇ ಕಾಣುತ್ತದೆ. ಇಬ್ಬರೂ ಕುರ್ಚಿ ಮೇಲೆ ಕೂತೇ ನೋಡಬಹುದು.

ನೀವು ಇವರ್ಯಾರೂ ಅಲ್ಲದಿದ್ದರೆ, ಕಾರು ಇದೆ, ಬೆನ್ನು ಗಟ್ಟಿ ಇದೆ, ಫೋಟೋದ ಹುಚ್ಚು ಇನ್ನೂ ಹಿಡಿದಿಲ್ಲ ಅಂತಾದರೆ, ಎಂಟು ಇಂಚಿನ ಡಾಬ್ ತಗೊಳ್ಳಿ. ದುಡ್ಡು ಕೊಡುವ ಮೊದಲು ಎರಡು ಕೆಲಸ ಮಾಡಿ. ಗ್ರಹಣದಂಥ ದಿನ ಜಿಲ್ಲಾ ವಿಜ್ಞಾನ ಕೇಂದ್ರದಲ್ಲೋ ಯಾವುದಾದರೂ ಕಾಲೇಜಿನಲ್ಲೋ ದೂರದರ್ಶಕ ಹೊರಗಿಟ್ಟಿದ್ದರೆ ಹೋಗಿ, ನೋಡುವ ಸಾಲಿನಲ್ಲಿ ನಿಲ್ಲುವುದಕ್ಕಿಂತ ಬಿಚ್ಚುವ ಹೊತ್ತಿಗೆ ನಿಂತು ಕೈಜೋಡಿಸಿ. ಇನ್ನೊಂದು, ಗಂಜ್ ಮಾರುಕಟ್ಟೆಯಿಂದ 25 ಕಿಲೋ ತೊಗರಿಬೇಳೆಯ ಒಂದು ಚೀಲ ತನ್ನಿ. ರಾತ್ರಿ ಊಟ ಆದ ಮೇಲೆ ಮಾಳಿಗೆಗೆ ಹೊತ್ತೊಯ್ಯಿರಿ, ಹನ್ನೊಂದಕ್ಕೆ ಕೆಳಗಿಳಿಸಿ. ಮೂರು ದಿನ ಮಾಡಿ. ನಾಲ್ಕನೇ ದಿನ ಬೇಡ ಅನ್ನಿಸಿದರೆ ಆರು ಇಂಚಿಗೆ ಇಳಿಯಿರಿ. ಬೇಳೆ ಹೇಗೂ ಮನೆಗೆ ಬೇಕಾಗುತ್ತದೆ.